ಮೇಲಿನ ಮನೆಯವರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿ ಸುಮ್ಮನಾದರು. ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂಬ ಮೂರನೆಯ ಮಾತನ್ನು ಏಕೆ ಸೇರಿಸಲಿಲ್ಲವೋ ತಿಳಿಯದು. ಬಹುಶಃ ಅವರ ಕಾಲದಲ್ಲಿ ಅಡ್ವಾನ್ಸು, ಅಗ್ರಿಮೆಂಟು, ಹನ್ನೊಂದು ತಿಂಗಳು ಎಂಬ ರಗಳೆ ಇರಲಿಲ್ಲ. ನಾನಂತೂ ಮೂರನ್ನೂ ಮಾಡಿ ನೋಡಿದವಳು. ಮೊದಲಿನ ಎರಡರಿಂದ ಸಾಲವಾಯಿತು. ಮೂರನೆಯದರಿಂದ ಕೋರ್ಟಿನ ಮೆಟ್ಟಿಲು ಹತ್ತಿದೆ.

ದಾವಣಗೆರೆಯಲ್ಲಿರುವ ನಮ್ಮ ಮನೆ ಮೂವತ್ತು ನಲವತ್ತರ ಸೈಟಿನದು. ಕೆಳಗೆ ನಾವು. ಮಗ ಓದು ಮುಗಿಸಿ ಬೆಂಗಳೂರಿಗೆ ಹೋದ ಮೇಲೆ, 2016ರಲ್ಲಿ, ಪಿ.ಎಫ್. ಸಾಲ, ಬ್ಯಾಂಕಿನ ಸಾಲ ಎರಡನ್ನೂ ಕೂಡಿಸಿ ಮೇಲೊಂದು ಮನೆ ಕಟ್ಟಿಸಿದೆವು. ಒಂದು ಹಾಲು, ಎರಡು ಕೋಣೆ, ಅಡಿಗೆಮನೆ, ಹೊರಗಿನಿಂದಲೇ ಮೆಟ್ಟಿಲು. ಬರುವ ಬಾಡಿಗೆಯಲ್ಲಿ ಸಾಲದ ಕಂತು ತೀರುತ್ತದೆ ಎಂಬ ಲೆಕ್ಕ. ಮೊದಲು ಬಂದವರು ಬ್ಯಾಂಕಿನ ನೌಕರರೊಬ್ಬರ ಸಂಸಾರ. ಎರಡು ವರ್ಷ ಇದ್ದು, ವರ್ಗವಾಗಿ ಹೋದರು. ಹೋಗುವಾಗ ಅವರ ಹೆಂಡತಿ ನನಗೆ ಒಂದು ಕರಿಬೇವಿನ ಸಸಿ ಕೊಟ್ಟರು. ಬಾಡಿಗೆಗೆ ಕೊಡುವುದೆಂದರೆ ಇಷ್ಟೇ ಎಂದು ನಾನು ತಿಳಿದೆ.

2018ರ ಮೇ ತಿಂಗಳಲ್ಲಿ ಗೇಟಿಗೆ ಮತ್ತೆ 'ಮನೆ ಬಾಡಿಗೆಗೆ ಇದೆ' ಎಂಬ ಹಲಗೆ ಕಟ್ಟಿದೆವು. ಮೊದಲು ಬಂದವರು ಒಬ್ಬ ನರ್ಸು, ಜೊತೆಗೆ ಐದಾರು ವರ್ಷದ ಮಗಳು. ಗಂಡ ದುಬೈಯಲ್ಲಿದ್ದಾರೆ ಎಂದರು. ಆಕೆಯ ಹೆಸರು ಕೇಳಿದ ಮೇಲೆ ನಾನು ಬೇರೇನನ್ನೂ ಕೇಳಲಿಲ್ಲ. "ಅಯ್ಯೋ, ನಿನ್ನೆ ತಾನೇ ಮಾತಾಗಿಹೋಯಿತು ಕಣಮ್ಮ" ಎಂದೆ. ಅವರು ಗೇಟಿನಲ್ಲಿ ನೇತಾಡುತ್ತಿದ್ದ ಹಲಗೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಆಯ್ತು ಮೇಡಂ" ಎಂದು ಮಗುವಿನ ಕೈಹಿಡಿದು ಹೊರಟುಹೋದರು. ಸರ್ವಧರ್ಮ ಸಮಾನತೆಯ ಪಾಠವನ್ನು ಅಂದಿಗೆ ಇಪ್ಪತ್ತೆರಡು ವರ್ಷ ಮಾಡಿದ್ದವಳು ನಾನು. ಈ ಬರಹದಲ್ಲಿ ಬರೆಯಲು ನನಗೆ ಅತ್ಯಂತ ಕಷ್ಟವಾದ ಸಾಲುಗಳು ಇವೇ. ಆದರೆ ಇವನ್ನು ಬಿಟ್ಟರೆ ಮುಂದಿನ ಕಥೆಗೆ ಅರ್ಥವೇ ಇಲ್ಲ.

ಅದಾಗಿ ವಾರದ ಮೇಲೆ ಇಬ್ಬರು ಹುಡುಗರು ಬಂದರು. ಒಬ್ಬ ಗೇಟಿನ ಹೊರಗೇ ಚಪ್ಪಲಿ ಬಿಟ್ಟು ಬಂದು ನನ್ನ ಕಾಲು ಮುಟ್ಟಿದ. "ಟೀಚರ್, ಗುರುತು ಸಿಗಲಿಲ್ವಾ?" ಎಂದ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ತಾಯಿಯ ಮಗ. ಹತ್ತು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಬೆಳಗ್ಗೆ ಭಟ್ಟಿಯಲ್ಲಿ ಕೈಯಾಡಿಸಿ ಬರುತ್ತಿದ್ದುದರಿಂದ ಅಂಗಿಯ ಮೇಲೆ ಬೂದಿಯಿರುತ್ತಿತ್ತು. ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವಾಗ ಅವನಿಗೆ ಸಹಿ ಮಾಡಲು ಬಾರದೆ ಪ್ರತಿ ಸಲವೂ ಬೇರೆ ಬೇರೆಯಾಗಿ ಬರೆಯುತ್ತಿದ್ದ. "ಇಡೀ ಹೆಸರನ್ನು ಕನ್ನಡದಲ್ಲಿ ಬರಿ, ಒತ್ತಕ್ಷರ ಬಿಡಬೇಡ, ಇನ್ನು ಜೀವನಪೂರ್ತಿ ಇದೇ ನಿನ್ನ ಸಹಿ" ಎಂದು ರಫ್ ಪುಸ್ತಕದಲ್ಲಿ ಇಪ್ಪತ್ತು ಸಲ ಬರೆಸಿದ್ದೆ. ಈಗ ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ದೊಡ್ಡ ಫೋನು. ಫೈನಾನ್ಸ್ ಕಂಪನಿಯೊಂದರಲ್ಲಿ ಕಲೆಕ್ಷನ್ ಕೆಲಸ ಎಂದ. ನಮ್ಮ ಬೀದಿಯಲ್ಲಿ ಅಂಥ ಮನೆಗೆ ಏಳು ಸಾವಿರ ಬಾಡಿಗೆ ನಡೆಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು "ಒಂಬತ್ತು ಕೊಡ್ತೀವಿ ಟೀಚರ್, ಅಡ್ವಾನ್ಸು ಐವತ್ತು" ಎಂದ.

ನಾನು ಏಕೆ ಒಪ್ಪಿದೆ? ಮುಂದೆ ಪೊಲೀಸರು, ವಕೀಲರು, ನೆಂಟರು ಎಲ್ಲರೂ ಈ ಪ್ರಶ್ನೆ ಕೇಳಿದರು. ಹಳೆಯ ವಿದ್ಯಾರ್ಥಿಯೆಂಬ ಅಭಿಮಾನ ಒಂದು. ಬೆಂಗಳೂರಿನಲ್ಲಿ ನನ್ನ ಮಗ 'ಬ್ಯಾಚುಲರ್‌ಗಳಿಗೆ ಮನೆ ಇಲ್ಲ' ಎಂಬ ಮಾತು ಕೇಳಿ ಕೇಳಿ ಸೋತು, ಕಡೆಗೆ ಪಿ.ಜಿ.ಯಲ್ಲಿ ಮೂವರ ಜೊತೆ ಮಲಗುತ್ತಿದ್ದ ಸಂಕಟ ಇನ್ನೊಂದು. ಮೂರನೆಯದು ಆ ಎರಡು ಸಾವಿರ. ಮೊದಲೆರಡನ್ನು ನಾನು ಎಲ್ಲರಿಗೂ ಹೇಳಿದೆ. ಮೂರನೆಯದನ್ನು ಇಲ್ಲಿಯೇ ಮೊದಲ ಸಲ ಹೇಳುತ್ತಿರುವುದು.

ಇನ್ನೊಂದು ಹಳೆಯ ಕಾರಣವೂ ಇತ್ತು. ನನ್ನ ತಂದೆ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತರು. ನಾವು ಹುಟ್ಟಿ ಬೆಳೆದದ್ದೆಲ್ಲ ಬಾಡಿಗೆಯ ವಠಾರದಲ್ಲಿ. ನಾನು ಬಿ.ಎ. ಓದುತ್ತಿದ್ದ 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಮೂರು ತಿಂಗಳ ಮೇಲೆ, ಆ ಸಂಚಿನ ಪ್ರಮುಖ ಆರೋಪಿ ಶಿವರಾಸನ್ ಮತ್ತು ಸಂಗಡಿಗರು ಬೆಂಗಳೂರಿನ ಕೋಣನಕುಂಟೆಯ ಒಂದು ಬಾಡಿಗೆ ಮನೆಯಲ್ಲಿ ಅಡಗಿದ್ದಾರೆಂದು ಪತ್ತೆಯಾಯಿತು. ಆಗಸ್ಟ್ 20ರಂದು ಪೊಲೀಸರು ಒಳಹೊಕ್ಕಾಗ ಅವರಲ್ಲಿ ಯಾರೂ ಜೀವಂತವಾಗಿರಲಿಲ್ಲ. 'ಬಾಡಿಗೆ ಮನೆ' ಎಂಬ ಮಾತಿಗೆ ಅಂದು ಕರ್ನಾಟಕವೆಲ್ಲ ಬೆಚ್ಚಿಬಿದ್ದಿತು. ನಮ್ಮ ವಠಾರದ ಯಜಮಾನರು ಮರುದಿನವೇ ಬಂದು ಮನೆ ಮನೆಯ ತಲೆ ಎಣಿಸಿದರು. ಊರಿಂದ ಬಂದಿದ್ದ ನನ್ನ ಸೋದರಮಾವನನ್ನು ನಿಲ್ಲಿಸಿಕೊಂಡು, ಯಾವ ಊರು, ಎಷ್ಟು ದಿನ, ಚೀಲದಲ್ಲಿ ಏನು ಎಂದು ವಿಚಾರಿಸಿದರು. ಚೀಲದಲ್ಲಿದ್ದದ್ದು ನಾಲ್ಕು ಸೇರು ಶೇಂಗಾ. ಹದಿನಾರು ವರ್ಷ ತಪ್ಪದೆ ಬಾಡಿಗೆ ಕಟ್ಟಿದ್ದ ನನ್ನ ತಂದೆ ಆ ರಾತ್ರಿ ಊಟ ಮಾಡಲಿಲ್ಲ. ನಾಳೆ ನನಗೊಂದು ಮನೆಯಾದರೆ ಬಾಡಿಗೆಯವರ ಚೀಲ ಬಿಚ್ಚಿಸಬಾರದು ಎಂದು ನಾನು ಅಂದೇ ನಿಶ್ಚಯಿಸಿದ್ದೆ.

ಆ ನಿಶ್ಚಯ ಒಳ್ಳೆಯದೇ. ಆದರೆ ನನ್ನ ವ್ರತದ ಚೆಂದ ನೋಡಿ! ಗೇಟಿನಲ್ಲಿ ನಿಂತಿದ್ದ ನರ್ಸಿಗೆ ಅದು ಅನ್ವಯಿಸಲಿಲ್ಲ. ಒಂಬತ್ತು ಸಾವಿರ ಕೊಡುವವರಿಗೆ ಮಾತ್ರ ಅನ್ವಯಿಸಿತು.

ಜೂನ್ ಒಂದರಂದು ಹುಡುಗರು ಬಂದರು. ಕೋರ್ಟಿನ ಹತ್ತಿರದ ಟೈಪಿಸ್ಟು ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಮಾಡಿಕೊಟ್ಟ. ಒಂದು ವರ್ಷ ಮೀರಿದ ಗೇಣಿ ಕರಾರನ್ನು ನೋಂದಣಿ ಮಾಡಿಸಬೇಕೆಂದು ಕಾನೂನಿರುವುದರಿಂದ ಈ ಹನ್ನೊಂದರ ಪದ್ಧತಿ ಎಂದು ನಮ್ಮವರು ವಿವರಿಸಿದರು. ನಾನು ಬಾಡಿಗೆಯ ಅಂಕಿಯನ್ನೂ ಅಡ್ವಾನ್ಸಿನ ಅಂಕಿಯನ್ನೂ ಎರಡು ಸಲ ಓದಿ, ಉಳಿದದ್ದನ್ನು ಓದದೆ ಸಹಿ ಹಾಕಿದೆ. ಮಕ್ಕಳಿಗೆ ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಎಂದು ಹೇಳುವವಳು ನಾನೇ.

ಅವರು ತೊಂದರೆ ಕೊಟ್ಟವರೇ ಅಲ್ಲ. ತಿಂಗಳ ಮೂರನೆಯ ತಾರೀಖು ಬಾಡಿಗೆ ಬರುತ್ತಿತ್ತು. ಎದುರು ಬಂದರೆ ನಮಸ್ಕಾರ. ದೀಪಾವಳಿಗೆ ಒಂದು ಡಬ್ಬಿ ಸಿಹಿ. ಆದರೆ ಇಬ್ಬರಿದ್ದವರು ನಾಲ್ವರಾದರು. ಹಗ್ಗದ ಮೇಲೆ ಒಗೆದ ಬಟ್ಟೆ ಕಾಣುವುದು ಅಪರೂಪ. ಅಡಿಗೆಯ ವಾಸನೆಯೇ ಇಲ್ಲ; ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಚಹಾ. ಗ್ಯಾಸಿನವನಿಗೆ ಬಾಗಿಲು ತೋರಿಸಲು ಒಮ್ಮೆ ಮೇಲೆ ಹೋದಾಗ ಮೇಜಿನ ಮೇಲೆ ಏಳೆಂಟು ಫೋನುಗಳು ಸಾಲಾಗಿ ಮಲಗಿದ್ದವು. "ಇಷ್ಟೊಂದು ಫೋನು ಯಾಕಪ್ಪ?" ಎಂದೆ. "ಕಂಪನೀವು ಟೀಚರ್" ಎಂದ.

ಎಲ್ಲಕ್ಕಿಂತ ವಿಚಿತ್ರವಾದದ್ದು ಇನ್ನೊಂದು. 2019ರ ಮಾರ್ಚ್ ಕೊನೆಗೆ ಐ.ಪಿ.ಎಲ್. ಶುರುವಾಯಿತು. ನಮ್ಮ ಬೀದಿಯ ಮನೆಮನೆಯಲ್ಲೂ ಟಿ.ವಿ. ಸಿಕ್ಸರ್ ಹೋದರೆ ಕೂಗು, ವಿಕೆಟ್ ಬಿದ್ದರೆ ಅಯ್ಯೋ ಎಂಬ ರಾಗ. ನಮ್ಮ ಮೇಲಿನ ಮನೆಯಲ್ಲೂ ಟಿ.ವಿ. ನಡೆಯುತ್ತಿತ್ತು, ಆದರೆ ಕೂಗಿಲ್ಲ. ಬೆಂಗಳೂರು ತಂಡ ಗೆದ್ದರೂ ಸಂತೋಷವಿಲ್ಲ, ಸೋತರೂ ದುಃಖವಿಲ್ಲ. ಮೆಲ್ಲಗೆ ಫೋನಿನಲ್ಲಿ ಮಾತಾಡುವ ಗುಜುಗುಜು ಮಾತ್ರ. "ಶಿಸ್ತಿನ ಹುಡುಗರು" ಎಂದರು ನಮ್ಮವರು. ಇಪ್ಪತ್ತೈದರ ಪ್ರಾಯದ ನಾಲ್ವರು ಗಂಡುಹುಡುಗರು ಕ್ರಿಕೆಟ್ ನೋಡುತ್ತ ಸುಮ್ಮನಿರುವುದು ಶಿಸ್ತಲ್ಲ ಎಂದು ಹೈಸ್ಕೂಲು ಟೀಚರಿಗೆ ತಿಳಿಯದೆ? ತಿಳಿದಿತ್ತು. ಏನೋ ಇದೆ ಎಂದು ತಿಳಿದಿತ್ತು. ಏನೆಂದು ತಿಳಿಯುವ ಗೋಜಿಗೆ ನಾನು ಹೋಗಲಿಲ್ಲ. ಏಪ್ರಿಲ್ ಕೊನೆಗೆ ಹೇಗೂ ಕರಾರು ಮುಗಿಯುತ್ತದೆ, ಆಗ ನೋಡಿದರಾಯಿತು ಎಂದುಕೊಂಡೆ.

ಅಷ್ಟರೊಳಗೇ ಒಂದು ರಾತ್ರಿ ಒಂಬತ್ತೂವರೆಗೆ ಜೀಪು ಬಂತು. ಮಟಾರನೆ ಬಾಗಿಲು ಬಡಿದರು. ಹನ್ನೆರಡರ ತನಕ ಮೇಲೆ ಪಂಚನಾಮೆ ನಡೆಯಿತು. ಫೋನುಗಳು, ಟಿ.ವಿ., ಎರಡು ನೋಟುಪುಸ್ತಕ, ನಗದು ಎಲ್ಲವನ್ನೂ ಕಟ್ಟಿದರು. ಬೀದಿಯವರೆಲ್ಲ ಅವರವರ ಗೇಟಿನಲ್ಲಿ ನಿಂತಿದ್ದರು. ಮ್ಯಾಚ್ ಯಾರೂ ನೋಡುತ್ತಿರಲಿಲ್ಲ. ಹುಡುಗರನ್ನು ಇಳಿಸಿಕೊಂಡು ಹೋಗುವಾಗ ಅವನು ನನ್ನ ಕಡೆ ನೋಡಲಿಲ್ಲ. ಅಧಿಕಾರಿಯೊಬ್ಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ನಿಮಗೆ ಗೊತ್ತಿರಲಿಲ್ವಾ?"

ಮರುದಿನ ಸುದ್ದಿ ಪತ್ರಿಕೆಯಲ್ಲಿ ಬಂತು. 'ಶಿಕ್ಷಕಿಯೊಬ್ಬರ ಮನೆಯಲ್ಲಿ' ಎಂದು ಇತ್ತು, ಹೆಸರಿರಲಿಲ್ಲ. ನಮ್ಮ ಊರಲ್ಲಿ ಅಷ್ಟು ಸಾಕು. ಸ್ಟಾಫ್ ರೂಮಿಗೆ ಕಾಲಿಟ್ಟೊಡನೆ ಮಾತು ನಿಂತಿತು. ಆರೋಪಿಯಾಗಿ ನಲವತ್ತೆಂಟು ಗಂಟೆಗಿಂತ ಹೆಚ್ಚು ಬಂಧನದಲ್ಲಿದ್ದರೆ ಸರ್ಕಾರಿ ನೌಕರರು ತಾನಾಗಿಯೇ ಅಮಾನತಾದಂತೆ ಎಂಬ ನಿಯಮವನ್ನು ಹಿರಿಯ ಸಹೋದ್ಯೋಗಿಯೊಬ್ಬರು, ಸಮಾಧಾನದ ಧ್ವನಿಯಲ್ಲಿಯೇ, ನನಗೆ ತಿಳಿಸಿದರು. ಅಂದು ಎಂಟನೆಯ ತರಗತಿಗೆ ಹೋಗಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಸಂಜೆ ನಮ್ಮ ಪರಿಚಯದ ವಕೀಲರ ಬಳಿ ಹೋದೆವು. ಅವರು ಕನ್ನಡಕ ಏರಿಸಿ, "ಟೀಚರಮ್ಮ, ಇಡೀ ಕಾನೂನು ಒಂದೇ ಶಬ್ದದ ಮೇಲೆ ನಿಂತಿದೆ. 'ಗೊತ್ತಿದ್ದೂ'" ಎಂದರು. ಆ ದಿನ ಅವರು ಹೇಳಿದ್ದನ್ನು ಮನೆ ಬಾಡಿಗೆಗೆ ಕೊಟ್ಟಿರುವ ಓದುಗರಿಗಾಗಿ ಇಲ್ಲಿ ಬರೆಯುತ್ತೇನೆ.

ಬಾಡಿಗೆಯವನು ಮಾಡಿದ ಅಪರಾಧಕ್ಕೆ, ಮನೆ ನಮ್ಮದೆಂಬ ಒಂದೇ ಕಾರಣಕ್ಕೆ ನಾವು ಅಪರಾಧಿಗಳಾಗುವುದಿಲ್ಲ. ಆದರೆ ಗೊತ್ತಿದ್ದೂ ಅವಕಾಶ ಕೊಟ್ಟರೆ ಆಗುತ್ತೇವೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜಿನ ಮನೆ ನಡೆಸುವವನನ್ನು ಮಾತ್ರ ಹಿಡಿಯುವುದಿಲ್ಲ. ತಿಳಿದೂ ತಿಳಿದೂ ಅದಕ್ಕೆ ಮನೆ ಬಿಟ್ಟುಕೊಟ್ಟ ಮಾಲೀಕನನ್ನೂ ಹಿಡಿಯುತ್ತದೆ. ಮಾದಕ ವಸ್ತುಗಳ 1985ರ ಕಾಯ್ದೆ ಇನ್ನೂ ಕಠಿಣ: ಅದರ 25ನೆಯ ಕಲಮಿನಂತೆ, ತಿಳಿದೂ ಮನೆಯನ್ನು ಗಾಂಜಾ, ಅಫೀಮಿನ ವ್ಯವಹಾರಕ್ಕೆ ಬಿಟ್ಟವನಿಗೆ ಆ ಅಪರಾಧಕ್ಕೆ ಇರುವಷ್ಟೇ ಶಿಕ್ಷೆ. ವೇಶ್ಯಾವಾಟಿಕೆಗೆ ಸಂಬಂಧಿಸಿದ 1956ರ ಕಾಯ್ದೆಯಲ್ಲಂತೂ, ದಾಳಿಯಾದ ಸುದ್ದಿ ಆ ಪ್ರದೇಶದ ಪತ್ರಿಕೆಯಲ್ಲಿ ಬಂದರೆ ಮಾಲೀಕನಿಗೆ ಗೊತ್ತಿತ್ತೆಂದೇ ಕಾನೂನು ಊಹಿಸುತ್ತದೆ. ಗೊತ್ತಿರಲಿಲ್ಲವೆಂದು ತೋರಿಸುವ ಹೊರೆ ಅವನದು.

"ಹಾಗಾದರೆ ನನಗೆ ಸಂಶಯ ಬಂದಾಗ ಏನು ಮಾಡಬೇಕಿತ್ತು? ಬೀಗ ಒಡೆದು ನೋಡಬೇಕಿತ್ತೆ?" ಎಂದೆ. "ಅದನ್ನಂತೂ ಮಾಡಬಾರದು" ಎಂದರು. ಬಾಡಿಗೆ ನಡೆಯುತ್ತಿರುವಷ್ಟು ಕಾಲ ಆ ಮನೆ ಬಾಡಿಗೆಯವನ ಮನೆ. ಹೇಳದೆ ಕೇಳದೆ ನುಗ್ಗುವಂತಿಲ್ಲ, ನೀರು ಕರೆಂಟು ಕಿತ್ತುಹಾಕುವಂತಿಲ್ಲ, ಸಾಮಾನು ಬೀದಿಗೆ ಎಸೆಯುವಂತಿಲ್ಲ. ಕಂಡದ್ದನ್ನು ಕಂಡಷ್ಟೇ ಬರೆದು ಠಾಣೆಗೆ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಬಿಡಿಸಬೇಕೆಂದರೆ ನೋಟೀಸು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಗೆ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಹದಿನೈದು ದಿನ. ಹೋಗದಿದ್ದರೆ ಕೋರ್ಟು. ಹಲವು ಊರುಗಳಲ್ಲಿ ಬಾಡಿಗೆಯವರ ವಿವರವನ್ನು ಠಾಣೆಗೆ ಕೊಡಬೇಕೆಂದು ಅಧಿಕಾರಿಗಳು ಆಗಾಗ ಆದೇಶ ಹೊರಡಿಸುತ್ತಾರೆ. ಅದನ್ನು ಮೀರಿದರೆ ಆಗ ಭಾರತ ದಂಡ ಸಂಹಿತೆಯ 188ನೆಯ ಕಲಮು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 223. ವಿದೇಶಿ ವಿದ್ಯಾರ್ಥಿಗೆ ಕೋಣೆ ಕೊಟ್ಟರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು.

ಆಮೇಲೆ ಅವರು ನಮ್ಮ ಕರಾರು ಪತ್ರ ಬಿಡಿಸಿ ಒಂದು ಸಾಲನ್ನು ತೋರಿಸಿದರು. 'ಸದರಿ ಮನೆಯನ್ನು ಕಾನೂನುಬಾಹಿರ ಕೆಲಸಗಳಿಗೆ ಬಳಸತಕ್ಕದ್ದಲ್ಲ.' ಟೈಪಿಸ್ಟು ಎಲ್ಲರಿಗೂ ಹಾಕುವ ಸಾಲು. "ಈಗ ನಿಮ್ಮ ಕಡೆ ಇರುವುದು ಇದೊಂದೇ" ಎಂದರು. ನಾನು ಓದದೆ ಸಹಿ ಮಾಡಿದ ಸಾಲು ನನ್ನನ್ನು ಕಾಯುತ್ತಿತ್ತು.

ಪೊಲೀಸರು ನನ್ನನ್ನು ಸಾಕ್ಷಿಯನ್ನಾಗಿ ಮಾಡಿಕೊಂಡರು, ಆರೋಪಿಯನ್ನಾಗಿ ಅಲ್ಲ. ಹೆಂಗಸು ಸಾಕ್ಷಿಯನ್ನು ಠಾಣೆಗೆ ಕರೆಸದೆ ಅವಳಿರುವಲ್ಲಿಯೇ ವಿಚಾರಿಸಬೇಕೆಂಬ ನಿಯಮವಿದೆಯೆಂದು ತಿಳಿದದ್ದೂ ಆಗಲೇ. ಮನೆಗೇ ಬಂದು ಹೇಳಿಕೆ ಬರೆದುಕೊಂಡರು. ಬರೆದಾದ ಮೇಲೆ ನಾನು ಪೆನ್ನು ತೆಗೆದೆ. "ಇದಕ್ಕೆ ಸಹಿ ಬೇಡ ಮೇಡಂ" ಎಂದರು. ತನಿಖೆಯಲ್ಲಿ ಕೊಟ್ಟ ಹೇಳಿಕೆಗೆ ಸಹಿ ಹಾಕಿಸಬಾರದೆಂಬುದು ಕಾನೂನಂತೆ. ಹಾಜರಿ ಪುಸ್ತಕದಿಂದ ಬಿಸಿಯೂಟದ ಲೆಕ್ಕದವರೆಗೆ ಎಲ್ಲಕ್ಕೂ ಸಹಿ ಹಾಕಿ ಅಭ್ಯಾಸವಾದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಜಾಮೀನಾದ ಮೇಲೆ ಹುಡುಗರು ಬಂದು ಸಾಮಾನು ಒಯ್ದರು. ಅಡ್ವಾನ್ಸು ಕೊಡಬೇಡ, ಮಾನ ಹೋದದ್ದಕ್ಕೆ ಹಿಡಿದುಕೋ ಎಂದು ನೆಂಟರು ಹೇಳಿದರು. ಮಾನಕ್ಕೆ ಐವತ್ತು ಸಾವಿರವೆಂದು ದರ ಕಟ್ಟಿದವರು ಯಾರು? ಬಾಕಿಯಿದ್ದ ಕರೆಂಟು ಬಿಲ್ಲು ಕಳೆದು ಉಳಿದದ್ದನ್ನು ಬ್ಯಾಂಕಿನ ಮೂಲಕವೇ ಹಿಂದಿರುಗಿಸಿದೆ. ಆದರೆ ತಿಂಗಳಿಗೆ ಎರಡು ಸಾವಿರದಂತೆ ಹನ್ನೊಂದು ತಿಂಗಳು ಬಂದ ಇಪ್ಪತ್ತೆರಡು ಸಾವಿರವನ್ನು ಹಿಂದಿರುಗಿಸಲಿಲ್ಲ. ಅದು ಸಾಲದ ಕಂತಿಗೆ ಹೋಗಿಯಾಗಿತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದಕ್ಕೆ ಸಂದ ಸಂಬಳ ಅದು ಎಂದು ಈಗಲೂ ಅನ್ನಿಸುತ್ತದೆ.

ಕೊರೋನಾ ಬಂದು ಕೇಸು ಮುಂದೆ ಮುಂದೆ ಹೋಯಿತು. 2022ರಲ್ಲಿ ನನಗೆ ಸಮನ್ಸು ಬಂತು. ಅದರ ಹಿಂದಿನ ಸಂಜೆ ಹುಡುಗನ ತಾಯಿ ಬಂದರು. ಒಳಗೆ ಬನ್ನಿ ಎಂದರೂ ಬಾರದೆ ಮೆಟ್ಟಿಲ ಮೇಲೆಯೇ ಕುಳಿತರು. ಸೆರಗಿನಲ್ಲಿ ಮಂಡಕ್ಕಿಯ ಪೊಟ್ಟಣ.

"ಟೀಚರಮ್ಮ, ನೀವೇ ಕಲಿಸಿದ ಹುಡುಗ ಅವ್ನು. ದುಡ್ಡಿನೋರು ಮೇಲೆ ಯಾರೋ ಅದಾರೆ, ಸಿಕ್ಕಿಬಿದ್ದಿದ್ದು ನನ್ನ ಮಗ. ಕರಾರಿನ ಮ್ಯಾಲಿರೋ ಸಹಿ ಅವಂದೋ ಅಲ್ವೋ ನೆನಪಿಲ್ಲ ಅನ್ರಿ. ಅಷ್ಟೇ ಸಾಕು."

ನಾನು ಏನೂ ಹೇಳಲಿಲ್ಲ. ಹೇಳಲು ನನ್ನ ಬಳಿ ಏನಿತ್ತು? ಅವರ ಮಾತು ಸುಳ್ಳೆಂದು ನನಗೂ ಅನ್ನಿಸಲಿಲ್ಲ. ಆ ನಾಲ್ವರ ಹಿಂದೆ ದೊಡ್ಡವರು ಯಾರೋ ಇದ್ದಿರಲೇಬೇಕು. ಅವರು ಬಾಡಿಗೆ ಮನೆ ಹುಡುಕಿ ಬರುವವರಲ್ಲ. ಪೊಟ್ಟಣವನ್ನು ಮೆಟ್ಟಿಲ ಮೇಲೆ ಇಟ್ಟು ಆಕೆ ಎದ್ದುಹೋದರು.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಕರಾರು ಪತ್ರವನ್ನು ನನ್ನ ಮುಂದೆ ಹಿಡಿದರು. "ಈ ಸಹಿ ಯಾರದು?" ಇಡೀ ಹೆಸರು ಕನ್ನಡದಲ್ಲಿ, ಒತ್ತಕ್ಷರ ಬಿಡದೆ, ಕಡೆಯ ಅಕ್ಷರದ ಕೆಳಗೆ ಒಂದು ಗೆರೆ. ಆ ಗೆರೆ ಎಳೆಯಲು ಹೇಳಿದವಳು ನಾನು. ಕಟಕಟೆಯಲ್ಲಿ ಅವನು ತಲೆ ತಗ್ಗಿಸಿ ನಿಂತಿದ್ದ, ಮನೆಗೆಲಸ ಮಾಡದೆ ಬಂದ ದಿನ ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ. "ಅವನದೇ" ಎಂದೆ. "ಬಾಡಿಗೆ ಯಾರು ಕೊಡುತ್ತಿದ್ದರು?" "ಅವನೇ." "ಒಳಗೆ ಬೆಟ್ಟಿಂಗ್ ನಡೆಯುತ್ತಿದ್ದುದನ್ನು ನೀವು ನೋಡಿದ್ದೀರಾ?" "ಇಲ್ಲ." ಅವನ ಪರ ವಕೀಲರು ಎದ್ದು, "ಹಾಗಾದರೆ ಒಳಗೆ ಏನು ನಡೆಯುತ್ತಿತ್ತೆಂದು ನಿಮಗೆ ಗೊತ್ತಿರಲಿಲ್ಲ, ಅಲ್ಲವೇ?" ಎಂದರು. "ಗೊತ್ತಿರಲಿಲ್ಲ" ಎಂದೆ. ಕಾನೂನು ಕೇಳುವ ಅರ್ಥದಲ್ಲಿ ಅದು ನಿಜ. ಆ ಒಂದು ಉತ್ತರ ಮಾತ್ರ ನನ್ನ ಗಂಟಲಲ್ಲಿ ಇನ್ನೂ ಉಳಿದಿದೆ.

ಪಂಚರಿಬ್ಬರೂ ತಮಗೆ ಏನೂ ನೆನಪಿಲ್ಲವೆಂದರು. ಸಾಕ್ಷ್ಯ ಸಾಲದೆಂದು ಕೇಸು ಬಿದ್ದುಹೋಯಿತು. ಹುಡುಗ ಈಗ ಹುಬ್ಬಳ್ಳಿಯ ಕಡೆ ಎಲ್ಲೋ ಇದ್ದಾನಂತೆ. ಅವನು ಬಿಡುಗಡೆಯಾದದ್ದು ನನಗೆ ಸಮಾಧಾನವೇ. ಆದರೂ ಅವನ ತಾಯಿ ಸಂತೆಯಲ್ಲಿ ಎದುರಾದರೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ತಿರುಗುತ್ತಾರೆ. ನಾನು ಸುಳ್ಳು ಹೇಳಬೇಕಿತ್ತೇ ಎಂದು ಕೇಳಿದರೆ ಇಲ್ಲವೆನ್ನುತ್ತೇನೆ. ಆದರೆ ಕೋರ್ಟಿನಲ್ಲಿ ನಿಜ ಹೇಳಿದೆನೆಂದು ಬೀಗಲು ನನಗೆ ಹಕ್ಕಿಲ್ಲ. ಏಳೆಂಟು ಫೋನು ಕಂಡ ದಿನ ಅವನನ್ನು ಕೆಳಗೆ ಕರೆದು, ಚಹಾ ಕೊಟ್ಟು, ಕಿವಿ ಹಿಂಡಿ, "ಏನು ನಡೆಸಿದ್ದೀಯೋ?" ಎಂದು ಕೇಳಬಹುದಿತ್ತು. ಮನೆಯ ಯಜಮಾನಿಯಾಗಿ ಅಲ್ಲದಿದ್ದರೂ ಅವನ ಟೀಚರಾಗಿ. ಅವನು ಹೇಳುತ್ತಿದ್ದನೋ ಇಲ್ಲವೋ, ಕೇಳುವುದು ನನ್ನ ಪಾಲಿನ ಕೆಲಸವಾಗಿತ್ತು.

ಆ ನರ್ಸು ನಮ್ಮ ಹಿಂದಿನ ಬೀದಿಯಲ್ಲಿಯೇ ಮನೆ ಮಾಡಿದ್ದಾರೆ, ಏಳು ವರ್ಷವಾಯಿತು. ಅವರ ಮಗಳು ಈಗ ನಮ್ಮ ಶಾಲೆಯಲ್ಲಿ, ನನ್ನ ತರಗತಿಯಲ್ಲಿ. ಪೋಷಕರ ಸಭೆಗೆ ಬಂದಾಗ ಆಕೆ ಎಂದಿನಂತೆ "ನಮಸ್ಕಾರ ಮೇಡಂ" ಎನ್ನುತ್ತಾರೆ. ಅವರಿಗೆ ಆ ಹಲಗೆ ನೆನಪಿದೆಯೋ ಇಲ್ಲವೋ ನನಗೆ ತಿಳಿಯದು. ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಮೇಲಿನ ಮನೆಗೆ ಹೊಸಬರು ಬಂದಾಗ ನಾನೇ ಠಾಣೆಗೆ ಹೋಗಿ ಫಾರಂ ತಂದೆ. ಹೆಸರು, ಫೋಟೋ, ಕಾಯಂ ವಿಳಾಸ, ಕೆಲಸ ಮಾಡುವ ಜಾಗ, ಹಿಂದೆ ಇದ್ದ ಮನೆ, ಜೊತೆಗಿರುವವರು. ನಾನು ಹಿಂದೆ ಮನಸ್ಸಿನಲ್ಲೇ ಕೇಳಿಕೊಂಡು ಮನೆ ಕೊಡುತ್ತಿದ್ದ, ಬಿಡುತ್ತಿದ್ದ ಪ್ರಶ್ನೆ ನನ್ನ ಕೈಗೆ ಬಂದ ಆ ಫಾರಂನಲ್ಲಿ ಇರಲಿಲ್ಲ. ಇದ್ದ ಪ್ರಶ್ನೆಗಳಲ್ಲಿ ಒಂದನ್ನೂ ನಾನು ಅಂದು ಸರಿಯಾಗಿ ಕೇಳಿರಲಿಲ್ಲ. ಬಾಡಿಗೆಯವರೇ ತುಂಬಿ ಸಹಿ ಹಾಕಿದರು. ಯಾರೂ ಯಾರ ಚೀಲವನ್ನೂ ಬಿಚ್ಚಿಸಲಿಲ್ಲ.

ಈಗ ತಿಂಗಳಿಗೊಮ್ಮೆ, ಬರುತ್ತೇನೆಂದು ಮುಂಚೆಯೇ ಹೇಳಿ ಮೇಲೆ ಹೋಗುತ್ತೇನೆ. ನಲ್ಲಿ ಸೋರುತ್ತಿದೆಯೇ, ಸ್ವಿಚ್ಚು ಸರಿಯಿದೆಯೇ ಎಂದು ಕೇಳುತ್ತೇನೆ. ಅವರ ಮಗು ತೊಡೆಯೇರುತ್ತದೆ, ಚಹಾ ಬರುತ್ತದೆ. ಇಳಿಯುವಾಗ ಮಂಡಿ ನೋಯುತ್ತದೆ. ಹದಿನೆಂಟು ಮೆಟ್ಟಿಲು. ಕಟ್ಟಿಸಿದವಳು ನಾನೇ ಆದರೂ, ಆ ಹನ್ನೊಂದು ತಿಂಗಳಲ್ಲಿ ಅವನ್ನು ಹತ್ತಿದ್ದು ಒಂದೇ ಸಲ.